ಯಾವ ‘ರ’ ಚೆನ್ನಾಗಿದೆ, ನೀನೇ ಹೇಳು

ಒಂದನೇ ತರಗತಿಯ ಮಗು ಮನೆಗೆಲಸ ಬರೆಯುವಾಗ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಹತ್ತು ಸಾಲು ‘ರ’ ಬರೆದುಕೊಂಡು ಬಾ ಎಂದು ಟೀಚರ್ ಹೇಳಿರುತ್ತಾರೆ. ಮೊದಲ ಸಾಲನ್ನು ಮಗು ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಬರೆಯುತ್ತದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅದಕ್ಕೊಂದು ಉಪಾಯ ಹೊಳೆದಿರುತ್ತದೆ. ಮೊದಲು ಸಾಲಿಡೀ ಬರೀ ಸುತ್ತು ಹಾಕಿಕೊಂಡು ಹೋಗುವುದು, ಆಮೇಲೆ ವಾಪಸು ಬಂದು ಎಲ್ಲದರ ನೆತ್ತಿಗೂ ಒಂದೇ ಉಸಿರಿಗೆ ತಲೆಕಟ್ಟು ಇಡುವುದು. ಟೀಚರ್ ಬರೆದುಕೊಟ್ಟ ಅಕ್ಷರ ಹಾಳೆಯ ತುದಿಯಲ್ಲಿದೆ. ಮಗು ಅತ್ತ ನೋಡುವುದೇ ಇಲ್ಲ. ತಾನು ಈಗಷ್ಟೇ ಬರೆದ ಮೇಲಿನ ಸಾಲನ್ನು ನೋಡಿ ಬರೆಯುತ್ತದೆ. ಹಾಗಾಗಿ ಮೂರನೇ ಸಾಲಿನಲ್ಲಿ ತುಸು ವಾಲಿದ್ದ ‘ರ’ ಎಂಟನೇ ಸಾಲಿಗೆ ಪೂರ್ತಿ ಮಲಗಿರುತ್ತದೆ. ಮಾರನೇ ದಿನ ಪುಸ್ತಕದ ಮೇಲೆ ಅಡ್ಡಡ್ಡ ಒಂದು ಕೆಂಪು ಗೀಟು, ಕೆಳಗೆ ‘ದುಂಡಗೆ ಬರಿ’ ಎಂಬ ಷರಾ. ಆ ಷರಾವನ್ನು ಓದಲು ಮಗುವಿಗೆ ಇನ್ನೂ ಒಂದು ವರ್ಷ ಬೇಕು!

ಕಾಗೆ ಕಾಲು ಗುಬ್ಬಿ ಕಾಲು ಎಂದು ನಾವು ಬೈಯುವ ಅಕ್ಷರಗಳು ಹುಟ್ಟುವುದು ಬಹುಪಾಲು ಹೀಗೆ. ಕೈ ಸೋಮಾರಿಯಾಗಿರುವುದಿಲ್ಲ, ತಾನು ಬರೆದದ್ದನ್ನು ನೋಡು ಎಂದು ಕಣ್ಣಿಗೆ ಯಾರೂ ಹೇಳಿರುವುದಿಲ್ಲ.

ಕನ್ನಡದಲ್ಲಿ ಅಕ್ಷರಾಭ್ಯಾಸಕ್ಕೆ ಸೊಗಸಾದ ಮಾತೊಂದಿದೆ: ತಿದ್ದು. ಹಿರಿಯರು ಸ್ಲೇಟಿನ ತುಂಬ ದೊಡ್ಡದಾಗಿ ‘ಅ’ ಬರೆದುಕೊಡುತ್ತಿದ್ದರು. ಅದರ ಮೇಲೆ ಬಳಪ ಆಡಿಸಿ ಆಡಿಸಿ, ಅಕ್ಷರ ಹಗ್ಗದಷ್ಟು ದಪ್ಪವಾಗುವವರೆಗೆ ನಾವು ತಿದ್ದುತ್ತಿದ್ದೆವು. ಅದಕ್ಕೂ ಹಿಂದೆ ಕೂಲಿಮಠಗಳೆಂಬ ಹಳೆಯ ಶಾಲೆಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಅದೇ ಮಾತಿಗೆ ಇನ್ನೊಂದು ಅರ್ಥ, ತಪ್ಪನ್ನು ಸರಿ ಮಾಡುವುದು. ಮೇಷ್ಟ್ರು ಉತ್ತರಪತ್ರಿಕೆ ತಿದ್ದುತ್ತಾರೆ. ಮೊದಲ ತಿದ್ದು ಮಗುವಿನದು, ಎರಡನೆಯದು ಮೇಷ್ಟ್ರದು ಎಂದು ನಾವು ಯಾವತ್ತೋ ಪಾಲು ಹಂಚಿಕೊಂಡುಬಿಟ್ಟೆವು. ಆ ಎರಡನೆಯ ತಿದ್ದಿನಲ್ಲೂ ದೊಡ್ಡ ಪಾಲು ಮಗುವಿಗೇ ಸೇರಬೇಕು. ಆರು ವರ್ಷದ ಮಗುವಿಗೆ ಅದು ಸಾಧ್ಯವೂ ಹೌದು. ಹೇಗೆ ಎಂಬುದನ್ನು ನೋಡೋಣ.

ಮೊದಲಿಗೆ, ಬರೀ ಮೇಲೆ ಮೇಲೆ ತಿದ್ದಿದರೆ ಸಾಲದೇ? ಸಾಲದು ಎನ್ನುತ್ತವೆ ಅಧ್ಯಯನಗಳು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ಅಕ್ಷರಗಳನ್ನು ಮೂರು ರೀತಿಯಲ್ಲಿ ಅಭ್ಯಾಸ ಮಾಡಿದರು: ಕೀಲಿ ಒತ್ತಿ, ಗೆರೆಯ ಮೇಲೆ ತಿದ್ದಿ, ಖಾಲಿ ಜಾಗದಲ್ಲಿ ತಾವೇ ಬರೆದು. ಆಮೇಲೆ ಅವೇ ಅಕ್ಷರಗಳನ್ನು ತೋರಿಸಿ ಮಿದುಳಿನ ಚಿತ್ರ ತೆಗೆದಾಗ, ಓದಿಗೆ ಬೇಕಾದ ಭಾಗಗಳು ಎದ್ದುಕಂಡದ್ದು ತಾವೇ ಬರೆದು ಕಲಿತ ಅಕ್ಷರಗಳಿಗೆ. ವರ್ಜೀನಿಯಾ ಬರ್ನಿಂಜರ್ ಮತ್ತು ಸಂಗಡಿಗರು 1997ರಲ್ಲೇ ಇನ್ನೊಂದು ವಿಷಯ ತೋರಿಸಿದ್ದರು. ಕೈಬರಹದಲ್ಲಿ ಹಿಂದುಳಿದ ಒಂದನೇ ತರಗತಿಯ ಮಕ್ಕಳಿಗೆ ಬೇರೆ ಬೇರೆ ವಿಧಾನಗಳಲ್ಲಿ ಕಲಿಸಿ ನೋಡಿದಾಗ ಹೆಚ್ಚು ಫಲ ಕೊಟ್ಟದ್ದು ಇದು: ಬಾಣದ ಗುರುತಿರುವ ಅಕ್ಷರವನ್ನು ನೋಡುವುದು, ಅದನ್ನು ಮುಚ್ಚುವುದು, ನೆನಪಿನಿಂದ ಬರೆಯುವುದು. ಆ ಅಕ್ಷರಗಳು ಇಂಗ್ಲಿಷಿನವು ನಿಜ, ಆದರೂ ‘ನೋಡು, ಮುಚ್ಚು, ಬರೆ, ತೆರೆದು ಹೋಲಿಸು’ ಎಂಬ ಕ್ರಮಕ್ಕೆ ಭಾಷೆಯ ಹಂಗಿಲ್ಲ.

ಕೈ ಸಿದ್ಧವಾಗಿದೆಯೇ ಎಂಬುದನ್ನೂ ನೋಡಬೇಕಲ್ಲ. ಸಾಮಾನ್ಯವಾಗಿ ಮಕ್ಕಳು ಮೂರರ ಹೊತ್ತಿಗೆ ವೃತ್ತವನ್ನೂ ನಾಲ್ಕರ ಹೊತ್ತಿಗೆ ಕೂಡುವ ಚಿಹ್ನೆಯನ್ನೂ ಐದರ ಆಸುಪಾಸಿಗೆ ಚೌಕ, ತ್ರಿಕೋನಗಳನ್ನೂ ನೋಡಿ ಬರೆಯಬಲ್ಲರು. ನಮ್ಮ ಲಿಪಿ ಸುತ್ತುಗಳ ಲಿಪಿ. ಗೆರೆ ಸುತ್ತಿ ಬಂದು ಹೊರಟಲ್ಲಿಗೇ ಸೇರುವುದು ಬಾರದೆ ಪೆನ್ಸಿಲು ಕೊಟ್ಟರೆ ಮಗು ಅಕ್ಷರ ಬರೆಯುವುದಿಲ್ಲ, ಗುದ್ದಾಡುತ್ತದೆ. ರಂಗೋಲಿ ಪುಡಿ, ಜೇಡಿಮಣ್ಣು, ರವೆ ಹರಡಿದ ತಟ್ಟೆ, ಅವರೆಕಾಯಿ ಸುಲಿಯುವುದು, ಇವೆಲ್ಲ ಬೆರಳಿನ ಪಾಠಗಳೇ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವ ಮಗುವಿಗೆ ಒಂದು ಅಂಗುಲದ ಮುರಿದ ಕ್ರೆಯಾನ್ ತುಂಡು ಕೊಡಿ. ಅಷ್ಟು ಗಿಡ್ಡದ್ದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ, ಬೆರಳ ತುದಿಗಳು ತಾವಾಗಿ ಮುಂದೆ ಬರುತ್ತವೆ.

ಇನ್ನು ಅಕ್ಷರಗಳ ಪುನರಾವರ್ತನೆ. ವರ್ಣಮಾಲೆಯಲ್ಲಿ 49 ಅಕ್ಷರಗಳು: 13 ಸ್ವರ, 2 ಯೋಗವಾಹ, 34 ವ್ಯಂಜನ. ಬಾಯಿಪಾಠಕ್ಕೆ ಅ ಆ ಇ ಈ ಕ್ರಮದಷ್ಟು ಚೆಂದದ್ದು ಬೇರೊಂದಿಲ್ಲ. ಕೈಗೆ ಮಾತ್ರ ಅದು ಒಳ್ಳೆಯ ಕ್ರಮವಲ್ಲ. ಅದು ಉಚ್ಚಾರಣೆಯ ಲೆಕ್ಕದಲ್ಲಿ ಜೋಡಿಸಿದ್ದು. ಬರೆಯಲು ತೊಡಕಾದ ‘ಇ’, ‘ಈ’ ಮೂರನೇ ದಿನಕ್ಕೇ ಎದುರಾಗುತ್ತವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬಂದ ‘ರ ಗ ಸ ದ ಅ’ ಕ್ರಮ ಈ ಕಷ್ಟಕ್ಕೆ ಕಂಡುಕೊಂಡ ದಾರಿ. ಈ ಕ್ರಮ ಬಂದಾಗ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಗೊಣಗಿದ ಅಜ್ಜ ಅಜ್ಜಿಯರು ಕಡಿಮೆಯಲ್ಲ. ಅದರ ನಿಜವಾದ ಲಾಭ ಕಾಣುವುದು ಪುನರಾವರ್ತನೆಯಲ್ಲಿ. ಈ ಐದೇ ಅಕ್ಷರ ಬಂದರೆ ಸರ, ರಸ, ಅರಸ, ಅಗಸ, ಗರಗಸ ಎಲ್ಲವನ್ನೂ ಬರೆಯಬಹುದು. ಮುಂದಿನ ‘ಜ ವ ಮ ಬ ನ’ ಸೇರಿದರೆ ಮರ, ಜನ, ಮಗ, ವನ, ಬಸವ. ಹಳೆಯ ಅಕ್ಷರವನ್ನು ಮತ್ತೆ ಬರೆ ಎಂದು ಹೇಳಬೇಕಾಗಿಯೇ ಇಲ್ಲ. ‘ಗರಗಸ’ ಬರೆದ ಮಗು ‘ಗ’ವನ್ನು ಎರಡು ಸಲ ಬರೆದಾಯಿತು, ಅದೂ ಅರ್ಥವಿರುವ ಮಾತಿನೊಳಗೆ. ಹತ್ತು ಸಾಲು ‘ಗ’ಕ್ಕಿಂತ ನಾಲ್ಕು ಸಲ ‘ಗರಗಸ’ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಪುನರಾವರ್ತನೆಗೆ ದಿನಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಹೊಸ ಅಕ್ಷರಕ್ಕೆ ಕೈ ಹಾಕುವ ಮುನ್ನ ನಿನ್ನೆಯದೊಂದು, ಕಳೆದ ವಾರದ್ದೊಂದು, ಕಳೆದ ತಿಂಗಳದ್ದೊಂದು, ಹೀಗೆ ಮೂರು ಹಳೆಯ ಅಕ್ಷರಗಳನ್ನು ನೋಡದೆ ಬರೆಯಲಿ. ರಟ್ಟಿನ ಚೀಟಿಗಳ ಮೇಲೆ ಅಕ್ಷರ ಬರೆದಿಟ್ಟುಕೊಂಡರೆ ಅನುಕೂಲ. ಮಗು ಚೀಟಿ ಎತ್ತುತ್ತದೆ, ನೋಡುತ್ತದೆ, ಕವುಚಿ ಇಡುತ್ತದೆ, ಬರೆಯುತ್ತದೆ, ಮತ್ತೆ ತಿರುಗಿಸಿ ಹೋಲಿಸುತ್ತದೆ. ಚೀಟಿ ತಿರುಗಿಸುವ ಆ ಕ್ಷಣವೇ ಪಾಠ. ದೊಡ್ಡವರು ಅಲ್ಲಿ ಬಾಯಿ ಹಾಕಬಾರದು. ‘ನೋಡು, ಬಾಲ ಬಿಟ್ಟಿದ್ದೀಯ’ ಎಂದು ನಾವು ಅರ್ಧ ಸೆಕೆಂಡು ಮೊದಲೇ ಹೇಳಿಬಿಟ್ಟರೆ, ಅದು ತಾನೇ ಕಂಡುಕೊಳ್ಳಬಹುದಾಗಿದ್ದದ್ದನ್ನು ಕಸಿದುಕೊಂಡಂತೆ. (ಇದು ಹೇಳಿದಷ್ಟು ಸುಲಭವಲ್ಲ. ನಾಲಿಗೆ ಕಚ್ಚಿಕೊಳ್ಳಬೇಕಾದವರು ಈಗ ನಾವು.)

ಇಷ್ಟಾದ ಮೇಲೆ ಸ್ವಮೌಲ್ಯಮಾಪನ. ಪದ ಭಾರವಾಯಿತು, ಮಗುವಿನ ಭಾಷೆಯಲ್ಲಿ ಅದು ಇಷ್ಟೇ: ‘ಯಾವುದು ಚೆನ್ನಾಗಿದೆ, ನೀನೇ ಹೇಳು.’ ಒಂದು ಸಾಲಿನಲ್ಲಿ ಐದು ‘ರ’ ಬರೆಸಿ, ನಿಲ್ಲಿಸಿ. ಐದರಲ್ಲಿ ತನಗೆ ಅತ್ಯಂತ ಹಿಡಿಸಿದ ಒಂದಕ್ಕೆ ಮಗುವೇ ಬಣ್ಣದ ಪೆನ್ಸಿಲಿನಿಂದ ಸುತ್ತು ಹಾಕಲಿ. ಆಮೇಲೆ ಒಂದೇ ಪ್ರಶ್ನೆ: ‘ಯಾಕೆ ಇದು?’

ಮೊದಮೊದಲು ಉತ್ತರ ಬರುವುದಿಲ್ಲ. ‘ಎಲ್ಲಾ ಚೆನ್ನಾಗಿವೆ’ ಎನ್ನುತ್ತದೆ, ಇಲ್ಲವೇ ಕೊನೆಯದಕ್ಕೆ ಸುತ್ತು ಹಾಕಿ ಓಡುತ್ತದೆ. ಅದೇನೂ ಜಂಬವಲ್ಲ. ಆ ವಯಸ್ಸಿನ ಮಕ್ಕಳು ತಮ್ಮ ಕೆಲಸವನ್ನು ಇದ್ದದ್ದಕ್ಕಿಂತ ಚೆನ್ನಾಗಿದೆ ಎಂದೇ ನೋಡುತ್ತಾರೆ. ಏನನ್ನು ನೋಡಬೇಕು ಎಂಬುದನ್ನು ಕಣ್ಣಿಗೆ ಮೊದಲು ಕಲಿಸಬೇಕು, ಅದನ್ನು ಮಗುವಿನ ಬರಹದ ಮೇಲಲ್ಲ, ನಮ್ಮ ಬರಹದ ಮೇಲೆ. ಹಲಗೆಯ ಮೇಲೆ ನೀವೇ ಮೂರು ‘ರ’ ಬರೆಯಿರಿ: ಒಂದಕ್ಕೆ ತಲೆಕಟ್ಟು ಮರೆತುಬಿಡಿ, ಒಂದನ್ನು ಗೆರೆಯಿಂದ ಮೇಲೆ ತೇಲಿಸಿ, ಒಂದನ್ನು ಸರಿಯಾಗಿ ಬರೆಯಿರಿ. ‘ಮಿಸ್ ಎಲ್ಲಿ ತಪ್ಪಿದರು?’ ಎಂದು ಕೇಳಿ. ಇಡೀ ತರಗತಿ ಎದ್ದು ನಿಲ್ಲುತ್ತದೆ. ದೊಡ್ಡವರ ತಪ್ಪು ಹಿಡಿಯುವುದರಲ್ಲಿ ಇರುವ ಖುಷಿ ಲೋಕದಲ್ಲಿ ಬೇರೆಲ್ಲೂ ಇಲ್ಲ. ನಾಲ್ಕು ದಿನ ಈ ಆಟ ಆಡಿಸಿದ ಮೇಲೆ ಅದೇ ಕಣ್ಣು ತನ್ನ ಸ್ಲೇಟಿನ ಕಡೆ ತಾನಾಗಿ ತಿರುಗುತ್ತದೆ.

ಒಂದು ಸಲಕ್ಕೆ ಒಂದೇ ಅಂಶ. ಈ ವಾರ ಗೆರೆ: ಅಕ್ಷರ ಗೆರೆಯ ಮೇಲೆ ಕೂತಿದೆಯೋ, ತೇಲಿದೆಯೋ, ಮುಳುಗಿದೆಯೋ? ಮುಂದಿನ ವಾರ ತಲೆಕಟ್ಟು. ಅದರಾಚೆ ವಾರ ಗಾತ್ರ, ಆಮೇಲೆ ಪದಗಳ ನಡುವೆ ಒಂದು ಬೆರಳಿನ ಜಾಗ. ನಾಲ್ಕನ್ನೂ ಒಟ್ಟಿಗೆ ಹೇಳಿದರೆ ಮಗುವಿನ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ. ಉತ್ತರಗಳು ಮಗುವಿನ ಮಾತಿನಲ್ಲೇ ಇರಲಿ. ‘ಇದರ ಹೊಟ್ಟೆ ತುಂಬಿದೆ’, ‘ಇದು ನಿದ್ದೆ ಮಾಡ್ತಿದೆ’, ‘ಇದಕ್ಕೆ ಟೋಪಿ ಗಾಳಿಗೆ ಹಾರಿದೆ’: ಇಂಥ ಮಾತು ಬಂದರೆ ಗೆದ್ದಿರಿ. ಮಗು ಸೊಟ್ಟ ಅಕ್ಷರವನ್ನೇ ಆರಿಸಿಕೊಂಡರೆ ‘ತಪ್ಪು’ ಎನ್ನಬೇಡಿ. ‘ಹೌದಾ? ಚೀಟಿ ಪಕ್ಕ ಇಟ್ಟು ನೋಡೋಣವಾ?’ ಎಂದರೆ ಸಾಕು. ತನ್ನ ಆಯ್ಕೆಯನ್ನು ಅದು ತಾನೇ ಬದಲಿಸಿಕೊಂಡರೆ ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ಆರನೇ ‘ರ’ ಬೇಡ.

ಈ ಹೊತ್ತಿನಲ್ಲಿ ರಬ್ಬರು ಡಬ್ಬಿಯೊಳಗಿರಲಿ. ಅಳಿಸಿ ಅಳಿಸಿ ಹಾಳೆ ಹರಿದುಕೊಳ್ಳುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಅಳಿಸಿದ ಸಾಲಿನಲ್ಲಿ ಆರಿಸಲು ಏನೂ ಉಳಿದಿರುವುದಿಲ್ಲ. ಐದು ಅಕ್ಷರಗಳಲ್ಲಿ ನಾಲ್ಕು ಸೊಟ್ಟಗಿದ್ದರೆ ತಾನೇ ಐದನೆಯದರ ನೆಟ್ಟಗಿನ ಗುಣ ಕಾಣುವುದು?

ಕನ್ನಡದ ಮಟ್ಟಿಗೆ ಮಗು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಮ್ಮ ಲಿಪಿಯ ಒಳಗಿನಿಂದಲೇ ಬರಬೇಕು. ‘ತಲೆಕಟ್ಟು ಇದೆಯಾ?’ ಎಂಬುದು ಮೊದಲನೆಯದು. ಅದಕ್ಕೆ ಜೊತೆಯಾಗಿ ‘ಬೇಡದ ಕಡೆ ಇಟ್ಟಿದ್ದೀಯಾ?’ ಎಂಬುದೂ ಬೇಕು, ಏಕೆಂದರೆ ಬ, ಲ, ಜ, ಣ, ಖಗಳಿಗೆ ತಲೆಕಟ್ಟಿಲ್ಲ. ಎರಡನೆಯದು ಹೊಟ್ಟೆ ಸೀಳು. ದ-ಧ, ಡ-ಢ, ಚ-ಛ, ಪ-ಫಗಳಿಗೆ ಬುಡದ ಆ ಒಂದು ಪುಟ್ಟ ಗೀಟೇ ವ್ಯತ್ಯಾಸ. ‘ರ’ದ ನಡುವೆ ಚುಕ್ಕಿ ಬಿದ್ದರೆ ‘ಠ’; ‘ಪ’ದ ಹೊಟ್ಟೆಯೊಳಗೆ ಗೆರೆ ಬಿದ್ದರೆ ‘ಷ’. ಇಂಥ ಅವಳಿಗಳನ್ನು ಒಂದೇ ದಿನ ಹೊಸದಾಗಿ ಕಲಿಸಬಾರದು, ಎರಡೂ ಕಲಸಿಹೋಗುತ್ತವೆ. ಪುನರಾವರ್ತನೆಯಲ್ಲಾದರೆ ಅವನ್ನು ಅಕ್ಕಪಕ್ಕ ಕೂರಿಸಲೇಬೇಕು. ‘ಇವರಿಬ್ಬರು ಅಣ್ಣ ತಮ್ಮ, ಗುರುತು ಏನು?’ ಎಂದು ಕೇಳಿ.

ಎಲ್ಲಕ್ಕಿಂತ ಸ್ವಾರಸ್ಯದ್ದು ‘ಮ’ ಮತ್ತು ‘ವು’. ಬೇರೆ ವ್ಯಂಜನಗಳಿಗೆ ಕೊಂಬು ಕೊಡುವ ಹಾಗೆಯೇ ‘ವ’ದ ಬಲಪಕ್ಕಕ್ಕೆ ಕೊಂಬು ಹಚ್ಚಿದರೆ ಅದು ‘ಮ’ ಎಂದು ಓದಿಸಿಕೊಳ್ಳುತ್ತದೆ. ಅದಕ್ಕೇ ‘ವು’, ‘ಪು’ಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ. ‘ಹಾವು’ ಬರೆಯಲು ಹೋಗಿ ‘ಹಾಮ’ ಬರೆದ ಮಗುವಿಗೆ ಕೆಂಪು ಶಾಯಿ ಸುರಿಯುವ ಮುನ್ನ, ಅದು ಕಲಿತ ನಿಯಮವನ್ನೇ ನಿಷ್ಠೆಯಿಂದ ಪಾಲಿಸಿದೆ ಎಂಬುದನ್ನು ನೆನೆಯಬೇಕು. ತಾನು ಬರೆದದ್ದನ್ನು ತಾನೇ ಜೋರಾಗಿ ಓದಿಕೊಳ್ಳುವ ಅಭ್ಯಾಸವಿದ್ದರೆ ಅದೇ ನಕ್ಕು ಸರಿಮಾಡಿಕೊಳ್ಳುತ್ತದೆ.

ಎಷ್ಟು ಬಂತು, ಎಷ್ಟು ಬಾಕಿ ಎಂಬ ಲೆಕ್ಕವೂ ಮಗುವಿನ ಕೈಯಲ್ಲೇ ಇರಲಿ. ಒಂದು ಹಾಳೆಯಲ್ಲಿ 49 ಮನೆಗಳನ್ನು ಹಾಕಿ. ನೋಡದೆ ಬರೆಯಬಲ್ಲೆ ಎಂದರೆ ಹಸಿರು, ನೋಡಿ ಬರೆಯಬಲ್ಲೆ ಎಂದರೆ ಹಳದಿ, ಇನ್ನೂ ಪರಿಚಯವಿಲ್ಲ ಎಂದರೆ ಖಾಲಿ. ಬಣ್ಣ ತುಂಬುವುದು ಮಗು, ವಾರಕ್ಕೊಮ್ಮೆ, ಚೀಟಿ ಕವುಚಿ ಬರೆದು ನೋಡಿದ ಮೇಲೆ. ಹಸಿರಾದ ಮನೆ ಮತ್ತೆ ಹಳದಿಯಾಗಬಹುದು ಎಂಬುದನ್ನು ಮೊದಲೇ ಹೇಳಿಬಿಡಿ. ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳಲ್ಲಿ ಎಷ್ಟೋ ಮನೆಗಳು ಹಳದಿಗೆ ತಿರುಗಿರುತ್ತವೆ. ಮರೆತದ್ದನ್ನು ನಾಚದೆ ಹಳದಿ ಬಳಿಯುವ ಮಗು, ತನ್ನ ಕಲಿಕೆಯ ಬಗ್ಗೆ ನಿಜ ಹೇಳುವುದನ್ನು ಕಲಿತಿರುತ್ತದೆ. ಎಲ್ಲ ಮನೆಗೂ ಹಸಿರು ಬಳಿದರೆ ಚಾಕೊಲೇಟು ಎಂದು ಆಸೆ ತೋರಿಸಿದಿರೋ, ಮೊದಲ ದಿನವೇ 49ಕ್ಕೂ ಹಸಿರು ಬಿದ್ದಿರುತ್ತದೆ!

ಸ್ಲೇಟೋ ಹಾಳೆಯೋ ಎಂದು ಕೇಳುವವರಿದ್ದಾರೆ. ಎರಡೂ ಬೇಕು. ಸ್ಲೇಟಿನ ದೊಡ್ಡ ಗುಣವೆಂದರೆ ತಪ್ಪು ಅಲ್ಲಿ ಉಳಿಯುವುದಿಲ್ಲ, ಒದ್ದೆ ಬಟ್ಟೆ ಆಡಿಸಿದರೆ ಮುಗಿಯಿತು. ಹೆದರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅದರ ಕೊರತೆಯೂ ಅದೇ. ಕಳೆದ ತಿಂಗಳು ಹೇಗೆ ಬರೆದಿದ್ದೆ ಎಂದು ಸ್ಲೇಟು ತೋರಿಸಲಾರದು. ಆದ್ದರಿಂದ ದಿನದ ಅಭ್ಯಾಸ ಸ್ಲೇಟಿನ ಮೇಲೆ ನಡೆಯಲಿ, ತಿಂಗಳಿಗೆ ಒಂದು ಹಾಳೆ ಮಾತ್ರ ಎತ್ತಿಡಿ. ಪ್ರತಿ ತಿಂಗಳೂ ಅದೇ ನಾಲ್ಕೈದು ಪದಗಳು, ತನ್ನ ಹೆಸರು, ಊರಿನ ಹೆಸರು.

ಮೂಲಾಕ್ಷರ ಮುಗಿದರೆ ಬರಹ ಮುಗಿಯಲಿಲ್ಲ, ನಮ್ಮ ಮಕ್ಕಳ ನಿಜವಾದ ಏರು ಅಲ್ಲಿಂದ ಶುರು. ಕ, ಕಾ, ಕಿ, ಕೀ ಎಂದು ಕಂ, ಕಃವರೆಗೆ ಬಳ್ಳಿ ಬಿಟ್ಟರೆ ಒಂದು ವ್ಯಂಜನಕ್ಕೆ 15 ರೂಪ. 34 ವ್ಯಂಜನಕ್ಕೆ 510. ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಸೊನಾಲಿ ನಾಗ್ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಯುಕೆಜಿಯಲ್ಲೇ ಎಲ್ಲ ಬರಬೇಕು ಎಂದು ಹಟ ಹಿಡಿಯುವ ತಂದೆತಾಯಿಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು. ಒತ್ತಕ್ಷರದಲ್ಲಿ ಹೆಚ್ಚಿನವು ಮೂಲದ ಮುಖವನ್ನೇ ಹೊತ್ತಿರುತ್ತವೆ. ತ, ನ, ಮ, ಯ, ರ, ಲ ಈ ಆರು ಮಾತ್ರ ವೇಷ ಬದಲಿಸುತ್ತವೆ, ಪುನರಾವರ್ತನೆಯ ಚೀಟಿಗಳಲ್ಲಿ ಇವು ಮೇಲಿರಲಿ. ಅರ್ಕಾವತ್ತು ಇನ್ನೊಂದು ಪೇಚಾಟ: ‘ಸೂರ್ಯ’ ಎನ್ನುವಾಗ ಮೊದಲು ಕೇಳುವ ಸದ್ದನ್ನು ಬರೆಯುವುದು ಆಮೇಲೆ. ಇಲ್ಲಿಯೂ ಬರೆದು, ಓದಿ, ತಾನೇ ಕೇಳಿಸಿಕೊಳ್ಳುವುದೇ ಮದ್ದು.

ಮನೆಯಲ್ಲಿ ಒಂದು ಮಗುವಾದರೆ ಸರಿ, ಮೂವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಆಗುತ್ತದೆಯೇ? ಆಗುತ್ತದೆ ಎಂಬುದಕ್ಕೆ ನಮ್ಮಲ್ಲೇ ನಲಿ-ಕಲಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರು ಕಟ್ಟಿದ ಪದ್ಧತಿ ಅದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಬಂತು. ಮಗು ಕಲಿಕಾ ಏಣಿಯ ಮೇಲೆ ತಾನಿರುವ ಮೆಟ್ಟಿಲನ್ನು ತಾನೇ ಗುರುತಿಸಿ ಕಾರ್ಡು ಎತ್ತಿಕೊಳ್ಳುತ್ತದೆ. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪುಹಲಗೆ. ಮಕ್ಕಳ ಕೆಲಸವನ್ನು ತೂಗುಹಾಕಲು ತಲೆಯ ಮೇಲೆ ದಾರದ ಚಪ್ಪರ. ಸ್ವಮೌಲ್ಯಮಾಪನಕ್ಕೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿದೆ. ಕಾರ್ಡು ಮುಗಿಸಿದ ಮೇಲೆ ‘ಯಾವುದು ಚೆನ್ನಾಗಿದೆ?’ ಎಂದು ಕೇಳುವುದಷ್ಟೇ ಬಾಕಿ. ಎಲ್ಲರನ್ನೂ ಟೀಚರೇ ಕೇಳಬೇಕೆಂದಿಲ್ಲ. ಪಕ್ಕದವರು ಸ್ಲೇಟು ಅದಲು ಬದಲು ಮಾಡಿಕೊಂಡು ಗೆಳೆಯನ ಅತ್ಯುತ್ತಮ ಅಕ್ಷರಕ್ಕೆ ಸುತ್ತು ಹಾಕಲಿ. ನಿಯಮ ಒಂದೇ: ಒಳ್ಳೆಯದನ್ನು ಮಾತ್ರ ಹುಡುಕಬೇಕು. ತಪ್ಪು ಹುಡುಕಲು ಬಿಟ್ಟರೆ ಜಗಳ ಗ್ಯಾರಂಟಿ.

ಎಡಗೈ ಮಕ್ಕಳನ್ನು ಬಲಗೈಗೆ ತಿರುಗಿಸುವ ಕಾಲ ಮುಗಿಯಬೇಕು. ಬೆಂಚಿನ ಎಡತುದಿಯಲ್ಲಿ ಕೂರಿಸಿ, ಪುಸ್ತಕದ ಮೇಲಂಚನ್ನು ಸ್ವಲ್ಪ ಬಲಕ್ಕೆ ವಾಲಿಸಿಕೊಟ್ಟರೆ ಸಾಕು. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಆರೇಳು ವರ್ಷದವರೆಗೆ ಸಾಮಾನ್ಯ. ಅದರಾಚೆಗೂ ಉಳಿದರೆ, ಅಥವಾ ಮಾತಿನಲ್ಲಿ ಚುರುಕಾದ ಮಗು ಪೆನ್ಸಿಲು ಕಂಡರೆ ಅಳುವಂತಾದರೆ, ಮಕ್ಕಳ ತಜ್ಞರಿಗೆ ತೋರಿಸಿ. ಶುದ್ಧಬರಹದ ಪುಟ ಹೆಚ್ಚಿಸುವುದು ಅದಕ್ಕೆ ಔಷಧಿಯಲ್ಲ.

ಹೊರನಾಡು, ಹೊರದೇಶಗಳಲ್ಲಿ ವಾರಕ್ಕೊಮ್ಮೆ ಕನ್ನಡ ಕಲಿಯುವ ಮಕ್ಕಳಿಗೆ ಈ ಚೀಟಿಗಳ ಅಗತ್ಯ ಇನ್ನೂ ಹೆಚ್ಚು. ಭಾನುವಾರ ಒಂದು ಗಂಟೆ ಬರೆದು ಆರು ದಿನ ಮುಟ್ಟದಿದ್ದರೆ ಮುಂದಿನ ಭಾನುವಾರ ಮತ್ತೆ ‘ಅ’ದಿಂದಲೇ. ಆ ಒಂದು ಗಂಟೆಯನ್ನು ಮುರಿದು ದಿನಕ್ಕೆ ಐದು ನಿಮಿಷ, ಊಟದ ಮೇಜಿನ ಮೇಲೆ, ಮೂರು ಚೀಟಿ ಎಂದು ಹಂಚಿ.

ಇವತ್ತು ಸಂಜೆಯೇ ಶುರುಮಾಡಬಹುದು. ಒಂದು ಅಕ್ಷರ, ಐದು ಸಲ, ಒಂದು ಬಣ್ಣದ ಪೆನ್ಸಿಲು, ಒಂದು ಪ್ರಶ್ನೆ. ಆ ಮೊದಲ ಹಾಳೆಯನ್ನು ಬಿಸಾಡಬೇಡಿ. ಮೂಲೆಯಲ್ಲಿ ತಾರೀಕು ಹಾಕಿ ಎತ್ತಿಡಿ. ಬರುವ ಜೂನ್‌ನಲ್ಲಿ ಅದನ್ನು ಮಗುವಿನ ಕೈಗೇ ಕೊಡಬೇಕು.